ಕಂಬ ಕಿತ್ತವನು

ಗಾರ್ವಿನ್ ಊರಿನಲ್ಲಿ ಡಾನ್ ಲಿಲ್ಲೋ ಜೆರ್ಬಿನೋ ಬೀದಿಗಿಳಿದರೆ ಗಂಡಸರು ಟೋಪಿ ತೆಗೆಯುತ್ತಿದ್ದರು, ಹೆಂಗಸರು ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ಅವನನ್ನು ಏಕವಚನದಲ್ಲಿ ಗದರುವ ಜೀವ ಊರಿನಲ್ಲಿ ಒಂದೇ ಇತ್ತು. ಅದು ಅವನ ಅಕ್ಕ ತಾನಾ.

ಅವನನ್ನು ಸಾಕಿದವಳೇ ಅವಳು. ಸಿಸಿಲಿಯಿಂದ ಅಮೆರಿಕಕ್ಕೆ ಬರುವ ಹಡಗಿನಲ್ಲಿ ತಾಯಿ ಜ್ವರ ಬಂದು ಸತ್ತಳು. ಹೆಣವನ್ನು ಸಮುದ್ರಕ್ಕೆ ಬಿಡುವಾಗ ತಮ್ಮ ನೋಡಬಾರದೆಂದು ತಾನಾ ಅವನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದಳು. ಆಗ ಅವಳದೇ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಯಲ್ಲಿ ಅಪ್ಪ ಕೆಲವು ವರ್ಷ ದುಡಿದ. ಒಂದು ದಿನ ಸುರಂಗದ ಸೂರು ಕುಸಿದು ಅದರಡಿ ಹೋದ. ಮಣ್ಣು ಮಾಡಿ ಬಂದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕಂಪನಿಯ ಗುಮಾಸ್ತ ಬಾಗಿಲಲ್ಲಿ ನಿಂತಿದ್ದ. ಗಣಿಗಿಳಿಯುವ ಗಂಡಸಿಲ್ಲದವರಿಗೆ ಕಂಪನಿಯ ಮನೆಯಿಲ್ಲ, ಶನಿವಾರದೊಳಗೆ ಖಾಲಿ ಮಾಡಬೇಕು ಎಂದ. ಲಿಲ್ಲೋ ಆಗ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಕೆಲಸಕ್ಕೆ ಹೋಗುತ್ತಿದ್ದ. ಬೆರಳ ತುದಿಯ ಚರ್ಮ ಸುಲಿದು ಯಾವಾಗಲೂ ಕೆಂಪಗಿರುತ್ತಿತ್ತು. ಆ ಬೆರಳುಗಳಿಂದಲೇ ಹಾಸಿಗೆ ಸುತ್ತಿ ಕಟ್ಟುತ್ತ, "ಅಕ್ಕಾ, ಇನ್ಮೇಲೆ ನಮ್ಮನ್ನ ಎಲ್ಲಿಂದ್ಲೂ ಯಾರೂ ಎಬ್ಬಿಸಲ್ಲ, ನೋಡ್ತಿರು" ಎಂದ.

ಆ ಮಾತನ್ನು ಅವನು ಉಳಿಸಿಕೊಂಡ. ಹೇಗೆ ಉಳಿಸಿಕೊಂಡನೆಂದು ತಾನಾ ಕೇಳಲಿಲ್ಲ. ಕೂಲಿ ಕೊಡದೆ ಸತಾಯಿಸುತ್ತಿದ್ದ ಮೇಸ್ತ್ರಿಯೊಬ್ಬನ ಮೊಣಕಾಲು ಮುರಿದು ಮೊದಲು ಹೆಸರು ಮಾಡಿದ. ದೇಶದಲ್ಲಿ ಮದ್ಯ ನಿಷೇಧವಿದ್ದಾಗ ಲಾರಿಗಟ್ಟಲೆ ಸಾರಾಯಿ ಸಾಗಿಸಿದ. ಆಮೇಲೆ ಜೂಜಿನ ಅಡ್ಡೆಗಳು ಬಂದವು, ಗಣಿಗಾರರ ಹೆಂಡಂದಿರು ಹೊಲಿಯುವ ಉಡುಪಿನ ಕಾರ್ಖಾನೆಗಳು ಬಂದವು, ಕೊನೆಗೆ ಗಣಿ ಕಾರ್ಮಿಕರ ಯೂನಿಯನ್ನೇ ಅವನ ಮುಷ್ಟಿಗೆ ಬಂತು. ಯೂನಿಯನ್ ಚುನಾವಣೆಯಲ್ಲಿ ಅವನ ಬಂಟ ನೂಂಜಿಯೊನ ಎದುರು ನಿಂತವನೊಬ್ಬ, ಗಣಿಯ ಕಸ ಸುರಿದು ಸುರಿದು ಬೆಳೆದ ಕರಿಗುಡ್ಡದ ಬುಡದಲ್ಲಿ ಹೆಣವಾಗಿ ಸಿಕ್ಕ. ಆ ಬೆಳಿಗ್ಗೆ ಲಿಲ್ಲೋ ಒಗೆಯಲು ಹಾಕಿದ ಅಂಗಿಯ ತೋಳಿನಲ್ಲಿ ಕಲೆಯಿತ್ತು. ತಾನಾ ತಣ್ಣೀರಿಗೆ ಉಪ್ಪು ಹಾಕಿ ಅದನ್ನು ನೆನೆಸಿಟ್ಟಳು. ಸಂಜೆಗೆ ಕಲೆ ಹೋಗಿತ್ತು.

ಊರು ಅವನಿಗೆ ಬರೀ ಹೆದರುತ್ತಿತ್ತು ಎಂದರೆ ಅರ್ಧ ಸತ್ಯ. ಗಣಿ ಮುಚ್ಚಿದ ಚಳಿಗಾಲಗಳಲ್ಲಿ ಎಷ್ಟೋ ಮನೆಗಳಿಗೆ ಅವನು ಬ್ರೆಡ್ಡು, ಮಕ್ಕಳಿಗೆ ಬೂಟು ಕಳಿಸುತ್ತಿದ್ದ. ಹೆಣ ಎತ್ತಲು ಗತಿಯಿಲ್ಲದವರು ಅವನ ಹಿತ್ತಲ ಬಾಗಿಲು ತಟ್ಟುತ್ತಿದ್ದರು. ತಾನಾಳ ಗಂಡ ಗಣಿಯ ದೂಳು ಕುಡಿದು ಕುಡಿದು ಎದೆಬೇನೆಯಿಂದ ಸತ್ತಾಗ, ಮದುವೆಯಿಲ್ಲದೆ ಒಂಟಿಯಾಗಿದ್ದ ಲಿಲ್ಲೋ ಅಕ್ಕನನ್ನೂ ಅವಳ ಮಗಳು ಮಿಮ್ಮಾಳನ್ನೂ ತನ್ನ ದೊಡ್ಡ ಇಟ್ಟಿಗೆ ಮನೆಗೆ ಕರೆತಂದ. ಮಿಮ್ಮಾ ಬೆಳೆದು, ಯೋನಸ್ ಎಂಬ ಲಿಥುವೇನಿಯಾದವರ ಮಗನನ್ನು ಮೆಚ್ಚಿದಾಗ, "ಸಿಸಿಲಿಯೋರು ಯಾರೂ ಸಿಗ್ಲಿಲ್ವೇನೇ ನಿಂಗೆ? ಆಲೂಗಡ್ಡೆ ತಿನ್ನೋನೇ ಬೇಕಾಯ್ತಾ?" ಎಂದು ರೇಗಿಸಿದರೂ ಮದುವೆಗೆ ಇಡೀ ಊರಿಗೆ ಊಟ ಹಾಕಿಸಿದ. ಕಾರ್ಖಾನೆಯಲ್ಲಿ ಮೇಲ್ವಿಚಾರಕನ ಕೆಲಸ ಕೊಡುತ್ತೇನೆಂದ. ಯೋನಸ್ ನಗುತ್ತಲೇ ಬೇಡವೆಂದು ಹೇಳಿ, ಅಪ್ಪ ಅಜ್ಜ ಇಳಿದ ಗಣಿಗೇ ಇಳಿದ.

ಆ ಗಣಿ ಕಾಗದದ ಮೇಲೆ ಇಬ್ಬರು ಮುದುಕರದು. ನಿಜವಾದ ಒಡೆಯ ಯಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಐವತ್ತರ ದಶಕದ ಒಂದು ಡಿಸೆಂಬರ್ ಭಾನುವಾರ. ಲಿಲ್ಲೋನ ಮನೆಯ ಉದ್ದ ಮೇಜಿನ ಸುತ್ತ ನೂಂಜಿಯೊ ಮತ್ತು ಯೂನಿಯನ್ನಿನ ಸುರಕ್ಷತಾ ಸಮಿತಿಯವರು ಊಟಕ್ಕೆ ಕೂತಿದ್ದರು. ತಾನಾ ಟೊಮೆಟೊ ಗೊಜ್ಜಿನಲ್ಲಿ ಬೆಂದ ಮಾಂಸದ ಉಂಡೆಗಳನ್ನು ಬಡಿಸುತ್ತಿದ್ದಳು. ಮಿಮ್ಮಾ ಏಳು ತಿಂಗಳ ಬಸುರಿ, ಮೂಲೆಯ ಕುರ್ಚಿಯಲ್ಲಿ ದಿಂಬಿಗೆ ಒರಗಿದ್ದಳು. ಯೋನಸ್ ತಟ್ಟೆ ಮುಟ್ಟಿರಲಿಲ್ಲ.

"ಮಾವ, ಒಂದು ಮಾತು," ಎಂದ. "ಪೂರ್ವದ ಸುರಂಗದಲ್ಲಿ ಕಂಬ ಕೀಳ್ತಾ ಇದಾರೆ."

ಕಲ್ಲಿದ್ದಲು ತೆಗೆಯುವಾಗ ಅಲ್ಲಲ್ಲಿ ದಪ್ಪ ಕಂಬಗಳನ್ನು ಹಾಗೇ ಬಿಡುತ್ತಾರೆ. ಮೇಲಿನ ಬೆಟ್ಟ ನಿಂತಿರುವುದೇ ಅವುಗಳ ಮೇಲೆ. ಆ ಕಂಬವೂ ಕಲ್ಲಿದ್ದಲೇ, ಅದೂ ಒಳ್ಳೆಯ ಕಲ್ಲಿದ್ದಲು. ಅದನ್ನು ಕೀಳುವುದು ಕಾನೂನಿಗೆ ವಿರುದ್ಧ.

"ಊಟದ ಮುಂದೆ ಗಣಿ ಮಾತು ಬೇಡಪ್ಪ," ಎಂದ ನೂಂಜಿಯೊ.

ಲಿಲ್ಲೋ ನಕ್ಕ. "ನಂಗೂ ಗಣಿಗೂ ಏನೋ ಸಂಬಂಧ? ನಾನು ಹೆಂಗಸರ ಬಟ್ಟೆ ಹೊಲಿಸೋನು. ಲಂಗಕ್ಕೆ ನೆರಿಗೆ ಸಾಲ್ದು ಅಂತ ಬಾ, ಕೇಳ್ತೀನಿ. ಇದನ್ನ ಸುರಕ್ಷತಾ ಸಮಿತಿಗೆ ಹೇಳು."

ಎಲ್ಲರೂ ನಕ್ಕರು. ಯೋನಸ್ ಮೇಜಿನ ಸುತ್ತ ಒಮ್ಮೆ ನೋಡಿದ. "ಸಮಿತಿ ಅಂದ್ರೆ ಇವರೇ ತಾನೆ? ನಿಮ್ಮ ಮನೆ ಮಾಂಸದುಂಡೆ ನುಂಗ್ತಾ ಕೂತಿದಾರಲ್ಲ."

ಆಮೇಲೆ ಯಾರೂ ನಗಲಿಲ್ಲ.

ಅತಿಥಿಗಳು ಹೋದ ಮೇಲೆ ಲಿಲ್ಲೋ ಕಾಫಿಗೆಂದು ಅಡುಗೆಮನೆಗೆ ಬಂದ. ತಾನಾ ಒಲೆಗೆ ಬೆನ್ನು ಮಾಡಿ ನಿಂತಳು. "ಆ ಹುಡುಗ ಹೇಳಿದ್ದು ನಿಜವೇನೋ?"

"ಅಕ್ಕ, ನೀನು ಪಾತ್ರೆ ನೋಡ್ಕೋ."

"ಅಪ್ಪ ಹೇಗೆ ಸತ್ತ ಅನ್ನೋದು ಮರೆತುಹೋಯ್ತಾ ಲಿಲ್ಲೂ?"

ಅವನು ಬಟ್ಟಲಿನ ಅಂಚನ್ನು ಬೆರಳಿನಿಂದ ಸವರಿದ. "ವಸಂತ ಬರೋ ತನಕ ಅಷ್ಟೇ. ಇರೋದನ್ನ ತೆಗೆದು ಆ ಸುರಂಗಾನೇ ಮುಚ್ಚಿಸಿಬಿಡ್ತೀನಿ. ಅಲ್ಲೀವರೆಗೂ ನಿಲ್ಲತ್ತೆ. ನಿನ್ನ ಅಳಿಯನ್ನ ನಾಳೆನೇ ಮೇಲಿನ ತೂಕದ ಕೋಣೆಗೆ ಹಾಕಿಸ್ತೀನಿ. ನಾನೊಂದು ಮಾತು ಹೇಳಿದ್ರೆ ಸಾಕು. ಸಮಾಧಾನ ಆಯ್ತಾ?"

ತಾನಾಳಿಗೆ ಸಮಾಧಾನವೇ ಆಯಿತು. ಮುಂದೆ ಎಷ್ಟೋ ವರ್ಷ ಅವಳನ್ನು ಸುಟ್ಟದ್ದು ಇದೇ. ತಮ್ಮ ಎಲ್ಲ ಗೊತ್ತಿದ್ದೂ ಮಾಡಿಸುತ್ತಿದ್ದಾನೆಂದು ಆ ಕ್ಷಣ ಅವಳಿಗೆ ಸ್ಪಷ್ಟವಾಗಿ ತಿಳಿದಿತ್ತು. ಆದರೂ ಕೆಳಗೆ ಉಳಿಯುವವರ ನೆನಪು ಅವಳಿಗೆ ಬರಲಿಲ್ಲ.

ಮರುದಿನ ಮಗಳ ಮನೆಗೆ ಹೋಗಿ ವಿಷಯ ತಿಳಿಸಿದಳು. ಯೋನಸ್ ಬೂಟಿನ ದಾರ ಬಿಚ್ಚುತ್ತ ಕೇಳಿಸಿಕೊಂಡ.

"ಅತ್ತೆ, ನಾನು ಮೇಲೆ ಕೂತು ತಕ್ಕಡಿ ನೋಡ್ತೀನಿ ಸರಿ. ನನ್ನ ಜಾಗಕ್ಕೆ ಯಾರನ್ನ ಇಳಿಸ್ತಾರೆ?"

"ಯಾರನ್ನೋ ಇಳಿಸ್ತಾರಪ್ಪ! ನಿಂಗ್ಯಾಕೆ ಅದು? ನಿನ್ನ ಹೆಂಡತಿ ಹೊಟ್ಟೆ ನೋಡು."

"ನೋಡೇ ಹೇಳ್ತಿರೋದು. ಅದು ದೊಡ್ಡದಾಗಿ, ಅಪ್ಪ ನೀನೊಬ್ಬನೇ ಹೇಗೆ ಮೇಲೆ ಬಂದೆ ಅಂತ ಕೇಳಿದ್ರೆ ಏನು ಹೇಳ್ಲಿ?" ಅವನು ಬೂಟು ಬದಿಗಿಟ್ಟ. "ಫೆಬ್ರವರಿಲಿ ರಜೆ ಹಾಕಿ ರಾಜಧಾನಿ ಹ್ಯಾರಿಸ್‌ಬರ್ಗ್‌ಗೆ ಹೋಗಿ ಸರ್ಕಾರದವರಿಗೇ ನೇರವಾಗಿ ಹೇಳಿ ಬರ್ತೀನಿ. ಅಲ್ಲೀಗಂಟ ಬೆಟ್ಟ ನಿಂತಿರಲಿ ಅಂತ ನಿಮ್ಮ ಮೇರಿ ಮಾತೆಗೆ ಒಂದು ಮೇಣದಬತ್ತಿ ಹಚ್ಚಿ."

ಮಿಮ್ಮಾ ಅತ್ತಳು, ಜಗಳವಾಡಿದಳು. ಅವನು ಜಗ್ಗಲಿಲ್ಲ.

ಜನವರಿ ಕೊನೆಯ ಒಂದು ಬೆಳಿಗ್ಗೆ ಗಾರ್ವಿನ್ನಿನ ಎಲ್ಲ ಮನೆಗಳ ಕಪಾಟಿನಲ್ಲಿ ಪಾತ್ರೆಗಳು ಗಲಗಲ ಅಲುಗಿದವು. ಗಣಿಯ ಸೈರನ್ ಕೂಗಲು ಶುರುವಾದಾಗ ತಾನಾ ಚಪ್ಪಲಿಯಲ್ಲೇ ಹಿಮದ ಮೇಲೆ ಓಡಿದಳು. ಹೆಂಗಸರೆಲ್ಲ ಗಣಿಯ ಬಾಯಿಯ ಮುಂದೆ ನೆರೆದು, ಮೇಲೆ ಬರುವ ಒಂದೊಂದು ಕಪ್ಪು ಮುಖವನ್ನೂ ಹಿಡಿದು ಹಿಡಿದು ನೋಡುತ್ತಿದ್ದರು. ಹನ್ನೊಂದು ಮಂದಿ ಬರಲಿಲ್ಲ. ಯೋನಸ್ ಅವರಲ್ಲೊಬ್ಬ. ನೆರೆಮನೆಯ ಬ್ರೋನ್ಯಾಳ ಗಂಡ ಇನ್ನೊಬ್ಬ.

ಹುಡುಕಲು ಇಳಿದವರ ಮುಂದಾಳು ಡೇವಿ ಪ್ರಾಸರ್ ಎಂಬ ವೇಲ್ಸಿನ ಮುದುಕ. ಮರುದಿನ ಮಧ್ಯಾಹ್ನ ಅವನು ಮೇಲೆ ಬಂದವನೇ ಟೋಪಿ ತೆಗೆದು ಕೂಗಿದ. "ಗಾಳಿ ಪೈಪಿನ ಮೇಲೆ ಬಡಿಯೋ ಸದ್ದು ಕೇಳಿಸ್ತು! ಯಾರೋ ಬದುಕಿದಾರೆ!"

ಹೆಂಗಸರು ಹಿಮದಲ್ಲೇ ಮಂಡಿಯೂರಿದರು. ಮಿಮ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅತ್ತಳು. ಆದರೆ ಅದರ ಮಾರನೆಯ ಬೆಳಿಗ್ಗೆ ಕಂಪನಿಯವರು ಒಳಗೆ ವಿಷಗಾಳಿ ಏರುತ್ತಿದೆ, ಬೆಂಕಿ ಹೊತ್ತಿದೆ, ಯಾರೂ ಬದುಕಿರುವ ಆಸೆ ಇಲ್ಲ ಎಂದು ಸಾರಿದರು. ಗಣಿಯ ಬಾಯಿ ಮುಚ್ಚಲು ಯೂನಿಯನ್ ಪರವಾಗಿ ನೂಂಜಿಯೊ ಒಪ್ಪಿಗೆ ಕೊಟ್ಟ. ಕಾಂಕ್ರೀಟ್ ಲಾರಿಗಳು ಸಾಲಾಗಿ ಬಂದವು. ಪ್ರಾಸರ್ ಮೊದಲ ಲಾರಿಯ ಎದುರು ಕೈ ಚಾಚಿ ನಿಂತು, "ಇನ್ನೊಂದು ದಿನ ಕೊಡ್ರೋ! ಒಂದೇ ಒಂದು ದಿನ!" ಎಂದು ಅರಚಿದ. ಅವನನ್ನು ಇಬ್ಬರು ಎತ್ತಿ ಪಕ್ಕಕ್ಕಿಟ್ಟರು.

ತಾನಾ ನೇರ ತಮ್ಮನ ಬಳಿ ಹೋದಳು.

"ನಿಲ್ಲಿಸೋ ಅದನ್ನ. ನಿನ್ನ ಕೈಲಿದೆ."

"ಸತ್ತಿದಾರೆ ಅಕ್ಕ. ಅದು ಬಂಡೆ ಸರಿಯೋ ಸದ್ದು. ಅವರನ್ನ ತೆಗೆಯೋಕೆ ಹೋಗಿ ಇನ್ನಷ್ಟು ಜನ ಸಾಯೋದು ಬೇಡ."

"ಪ್ರಾಸರ್ ಗಣಿಲೇ ತಲೆ ಬೆಳ್ಳಗೆ ಮಾಡ್ಕೊಂಡೋನು. ಬಂಡೆ ಸದ್ದು ಅವನಿಗೆ ಗೊತ್ತಾಗಲ್ವಾ?"

ಲಿಲ್ಲೋ ಕಿಟಕಿಯ ಕಡೆ ತಿರುಗಿದ. ಆಗ ಅವಳಿಗೆ ಹೊಳೆಯಿತು. ಅಗೆಯುತ್ತ ಹೋದವರು ಪೂರ್ವದ ಸುರಂಗ ಮುಟ್ಟಿದರೆ ಅಲ್ಲಿ ಒಂದು ಕಂಬವೂ ಇಲ್ಲದ್ದನ್ನು ಕಾಣುತ್ತಾರೆ. ಮುಚ್ಚಿದರೆ ಯಾರೂ ಕಾಣುವುದಿಲ್ಲ. ಅವಳು ಒಳಗೆ ಹೋಗಿ ತನ್ನ ಬಟ್ಟೆ ಗಂಟು ಕಟ್ಟಿಕೊಂಡು ಮಗಳ ಮನೆಗೆ ನಡೆದಳು. ಮೂರು ವಾರದ ಮೇಲೆ ಮಿಮ್ಮಾಳಿಗೆ ಗಂಡುಮಗು ಹುಟ್ಟಿತು.

ಸರ್ಕಾರ ವಿಚಾರಣೆಗೆ ಕೂತಿತು. ಕರೆದವರೆಲ್ಲ ಬಂದು, ಗೊತ್ತಿಲ್ಲ, ನೋಡಿಲ್ಲ, ನೆನಪಿಲ್ಲ ಎಂದು ಹೇಳಿ ಹೋದರು. ಪೈಪಿನ ಸದ್ದು ಪ್ರಾಸರನ ಭ್ರಮೆ ಎಂದು ಕಂಪನಿಯ ವಕೀಲ ನಗೆಯಾಡಿದ. ತಾನಾ ತಾನಾಗಿಯೇ ಹೋಗಿ ಹೆಸರು ಕೊಟ್ಟಳು. ಸುದ್ದಿ ತಲುಪಿದ ದಿನವೇ ನೂಂಜಿಯೊ ಮಿಠಾಯಿ ಡಬ್ಬಿ ಹಿಡಿದು ಬಂದ.

"ತಾನಕ್ಕ, ರಕ್ತ ರಕ್ತಾನೇ ಅಲ್ವಾ? ಮನೇಲಿ ಹಸುಗೂಸಿದೆ. ಮರದ ಮನೆ ಬೇರೆ. ಒಲೆ ಬೆಂಕಿ ಹುಷಾರು."

ತಾನಾ ಡಬ್ಬಿಯನ್ನು ಅವನ ಎದೆಗೆ ನೂಕಿದಳು. "ನಿನ್ನಮ್ಮ ಸತ್ತಾಗ ನಿಂಗೆ ಉಣ್ಣಿಸಿದ ಕೈ ಇದು. ಇದೇ ಕೈಲಿ ಹಲ್ಲು ಉದುರಿಸ್ತೀನಿ, ಇಳಿ ಮೆಟ್ಟಿಲು."

ನ್ಯಾಯಾಲಯದಲ್ಲಿ ಅವಳು ಸಿಸಿಲಿಯ ಮಾತಿನಲ್ಲಿ ಹೇಳಿದ್ದನ್ನು ದುಭಾಷಿ ಇಂಗ್ಲಿಷಿಗೆ ಮಾಡುತ್ತಿದ್ದ. ಅಡುಗೆಮನೆಯಲ್ಲಿ ತಮ್ಮ ಆಡಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದಳು. ಲಿಲ್ಲೋನ ವಕೀಲ ಎದ್ದು, "ಇಷ್ಟು ವರ್ಷ ಅವರ ಮನೆಯಲ್ಲಿ ಉಂಡವರು ನೀವು, ಅಲ್ಲವೇ?" ಎಂದ.

"ಉಂಡೆ. ಬೇಯಿಸಿದವಳೂ ನಾನೇ. ಅವನ ಅಂಗಿ ಒಗೆದವಳೂ ನಾನೇ. ಅಂಗಿ ಮೇಲೆ ಏನಿರ್ತಿತ್ತು ಅಂತಲೂ ಹೇಳ್ಲಾ?"

ವಿಚಾರಣೆ ಶುರುವಾದಾಗಿನಿಂದ ತಲೆ ತಗ್ಗಿಸಿ ಕೂತಿದ್ದ ಲಿಲ್ಲೋ ಆಗ ತಲೆಯೆತ್ತಿದ. "ಸಾಕು ಅಕ್ಕ," ಎಂದ ಮೆಲ್ಲಗೆ. ಅದರಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಅವಳು ನಿಲ್ಲಿಸಲಿಲ್ಲ.

ಒಬ್ಬಳು ಬಾಯಿ ಬಿಟ್ಟ ಮೇಲೆ ಉಳಿದವರ ಬಾಯೂ ಸಡಿಲವಾಯಿತು. ಅವನ ಕಾರು ಓಡಿಸುತ್ತಿದ್ದವನು ಮಾತಾಡಿದ, ಗಣಿಯ ಮೇಲ್ವಿಚಾರಕ ಮಾತಾಡಿದ. ಕೊನೆಗೆ ನೂಂಜಿಯೊ ತನ್ನ ಕತ್ತು ಉಳಿಸಿಕೊಳ್ಳಲು ಎಲ್ಲರಿಗಿಂತ ಹೆಚ್ಚು ಮಾತಾಡಿದ. ನ್ಯೂಯಾರ್ಕಿನಿಂದ, ಬಫಲೋದಿಂದ ಬಂದು ಲಿಲ್ಲೋನ ಕೆನ್ನೆಗೆ ಮುತ್ತಿಡುತ್ತಿದ್ದ ದೊಡ್ಡ ಮನುಷ್ಯರು ಅವನ ಫೋನು ಎತ್ತುವುದನ್ನು ಬಿಟ್ಟರು. ಕೊಲೆಗಳನ್ನು ಸಾಬೀತು ಮಾಡಲಾಗಲಿಲ್ಲ. ಆದರೆ ಕದ್ದುಮುಚ್ಚಿ ಗಣಿ ನಡೆಸಿದ್ದಕ್ಕೆ, ಲಂಚಕ್ಕೆ, ತೆರಿಗೆ ವಂಚನೆಗೆ ಸೇರಿಸಿ ಅವನಿಗೆ ದೀರ್ಘ ಸೆರೆವಾಸವಾಯಿತು. ಪೈಪಿನ ಸದ್ದಿನ ಬಗ್ಗೆ ತನಗೇನೂ ತಿಳಿಯದೆಂದು ಅವನು ಬೈಬಲ್ ಮುಟ್ಟಿ ಹೇಳಿದ್ದ. ಮನೆ ಹರಾಜಾಯಿತು. ಕಾರ್ಖಾನೆಗಳನ್ನು ಬಫಲೋದವರು ನುಂಗಿದರು.

ತಾನಾಳನ್ನೂ ಊರು ಸುಮ್ಮನೆ ಬಿಡಲಿಲ್ಲ. ಅವಳದೇ ಕೇರಿಯ ಸಿಸಿಲಿಯವರು ಅವಳನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದರು. ಬೇಕರಿಯವನು ಎಲ್ಲರೂ ಹೋದ ಮೇಲೆ ಅವಳಿಗೆ ಬ್ರೆಡ್ಡು ಕೊಡುತ್ತಿದ್ದ. ಚರ್ಚಿನಲ್ಲಿ ಅವಳು ಕೂತ ಬೆಂಚು ಖಾಲಿಯಾಗುತ್ತಿತ್ತು. ಒಡಹುಟ್ಟಿದವನನ್ನು ಹಿಡಿದುಕೊಟ್ಟವಳು ಎಂದು ಬೆನ್ನ ಹಿಂದೆ ಆಡುತ್ತಿದ್ದವರಲ್ಲಿ ಸತ್ತವರ ಮನೆಯವರೂ ಇದ್ದರು.

ಎಂಟು ವರ್ಷ ಕಳೆದ ಮೇಲೆ ಲಿಲ್ಲೋನನ್ನು ಸಾಯಲೆಂದು ಬಿಡುಗಡೆ ಮಾಡಿದರು. ಗಂಟಲಿನಲ್ಲಿ ಕ್ಯಾನ್ಸರ್ ಹುಣ್ಣಾಗಿತ್ತು. ಬೂಟು ರಿಪೇರಿ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಬಿಟ್ಟರೆ ಅವನಿಗೆ ಯಾರೂ ಜಾಗ ಕೊಡಲಿಲ್ಲ. ಪಾದ್ರಿ ಬಂದು ತಾನಾಳಿಗೆ ತಿಳಿಸಿದರು.

"ಹೋಗೋದಾದ್ರೆ ಹೋಗಮ್ಮ," ಎಂದಳು ಮಿಮ್ಮಾ. "ಆದ್ರೆ ಅವನ ಸುದ್ದಿ ಈ ಮನೇಲಿ ಎತ್ಬೇಡ."

ತಾನಾ ದಿನಾ ಸೂಪು ಒಯ್ದು, ಚಮಚದಲ್ಲಿ ಕುಡಿಸಿ, ಹಾಸಿಗೆ ಬಟ್ಟೆ ಬದಲಿಸಿ ಬರುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಚಮಚವನ್ನು ಕೈಯಿಂದ ಸರಿಸಿದ.

"ಅಕ್ಕ, ಆವತ್ತು ನಾನು ಕೆಳಗೆ ಇಳಿದಿದ್ದೆ."

"ಯಾವತ್ತು?"

"ಮುಚ್ಚೋಕೆ ಮುಂಚೆ. ಪ್ರಾಸರ್ ಸುಳ್ಳು ಹೇಳ್ತಿದಾನೆ ಅಂತ ನನಗೇ ಖಾತ್ರಿ ಆಗ್ಬೇಕಿತ್ತು. ಪೈಪಿಗೆ ಕಿವಿ ಇಟ್ಟೆ." ಅವನ ದನಿ ಗರಗಸ ಎಳೆದಂತಿತ್ತು. "ಬಡೀತಿದ್ರು. ಮೂರು ಸಲ ಬಡಿದು, ನಿಲ್ಲಿಸಿ, ಮತ್ತೆ ಮೂರು ಸಲ. ಬಂಡೆ ಹಾಗೆ ಬಡಿಯಲ್ಲ."

ತಾನಾ ಚಮಚವನ್ನು ಬಟ್ಟಲಿನೊಳಗೆ ಇಟ್ಟಳು. "ಆಮೇಲೆ?"

"ಮೇಲೆ ಬಂದು, ಮುಚ್ಚಿ ಅಂದೆ."

"ನಂಗೆ ಯಾಕೋ ಹೇಳಿದೆ ಇದನ್ನ?"

"ಇನ್ಯಾರಿದಾರೆ ನಂಗೆ?"

ಅವಳು ಬಟ್ಟಲನ್ನು ನೆಲದ ಮೇಲಿಟ್ಟು ಹೊರಗೆ ಬಂದಳು. ಮೆಟ್ಟಿಲ ಮೇಲೆ ಕೂತಳು. ಒಂದುವೇಳೆ ಅದು ಬಂಡೆಯ ಸದ್ದೇ ಇದ್ದಿರಬಹುದು, ಅವರು ಒಂದೇ ಏಟಿಗೆ ಹೋಗಿರಬಹುದು ಎಂದುಕೊಂಡೇ ಅವಳೂ ಮಿಮ್ಮಾಳೂ ಇಷ್ಟು ವರ್ಷ ಉಸಿರಾಡಿದ್ದರು. ಇದನ್ನು ನುಂಗಿಕೊಂಡು ಸುಮ್ಮನಿದ್ದುಬಿಡಬಹುದಿತ್ತು. ನುಂಗಿಕೊಳ್ಳುವ ಅಭ್ಯಾಸ ಅವಳಿಗೆ ಚೆನ್ನಾಗಿಯೇ ಇತ್ತು.

ಮನೆಗೆ ಹೋದಾಗ ಮಿಮ್ಮಾ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ತಾನಾ ಬಾಗಿಲಲ್ಲೇ ನಿಂತು ಹೇಳಿದಳು. ಮಿಮ್ಮಾ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಮುಚ್ಚಿದ ಮೇಲೆ ಎಷ್ಟು ಹೊತ್ತು ಬದುಕಿರಬಹುದಮ್ಮ?"

"ಗೊತ್ತಿಲ್ಲ ಮಗಳೇ."

ಮಿಮ್ಮಾ ಕೋಟು ಹಾಕಿಕೊಂಡು ಬ್ರೋನ್ಯಾಳ ಮನೆಗೆ ಹೋದಳು. ಅಲ್ಲಿಂದ ಇನ್ನೊಂದು ಮನೆಗೆ, ಮತ್ತೊಂದು ಮನೆಗೆ. ಮರುದಿನ ಬೂಟು ಅಂಗಡಿಯ ಮೆಟ್ಟಿಲ ಮೇಲೆ ಹೆಂಗಸರು ಸಾಲಾಗಿ ನಿಂತಿದ್ದರು. ಮಿಮ್ಮಾ ಮೊದಲು ಒಳಗೆ ಬಂದಳು. ಎಂಟು ವರ್ಷದಲ್ಲಿ ಅವಳು ಅವನ ಮುಖ ನೋಡಿದ್ದು ಅದೇ ಮೊದಲು.

"ಅಮ್ಮಂಗೆ ಹೇಳಿದ್ದನ್ನ ಇವರಿಗೂ ಹೇಳು ಮಾಮ. ಒಬ್ಬೊಬ್ಬರಿಗೂ."

ಲಿಲ್ಲೋ ಗೋಡೆಯ ಕಡೆ ಹೊರಳಿದ. "ಅಕ್ಕ, ಇವರನ್ನ ಕಳಿಸು."

ತಾನಾ ಅವನ ತಲೆಯೆತ್ತಿ ಕೆಳಗೆ ಇನ್ನೊಂದು ದಿಂಬಿಟ್ಟಳು. ಗುಟುಕು ನೀರು ಕುಡಿಸಿದಳು. "ಹೇಳು ಲಿಲ್ಲೂ," ಎಂದಳು.

ಅವನು ಹೇಳಿದ. ದನಿ ನಿಂತಾಗ ತಾನಾ ನೀರು ಕೊಡುತ್ತಿದ್ದಳು, ಮತ್ತೆ ಹೇಳುತ್ತಿದ್ದ. ಬ್ರೋನ್ಯಾ ಒಂದೇ ಪ್ರಶ್ನೆ ಕೇಳಿದಳು. "ಯಾವ ಪೈಪು? ಎಡಗಡೇದೋ ಬಲಗಡೇದೋ?" ಎಡಗಡೆಯದು ಎಂದ. ಅವಳ ಗಂಡ ಕೆಲಸ ಮಾಡುತ್ತಿದ್ದದ್ದು ಎಡಗಡೆಯಲ್ಲೇ. ಅವಳು ಮೆಟ್ಟಿಲಿಳಿಯುವಾಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಒಬ್ಬಳು ಅವನ ಮುಖಕ್ಕೆ ಉಗುಳಿದಳು. ತಾನಾ ಬಟ್ಟೆಯಿಂದ ಒರೆಸಿ, ಮುಂದಿನವಳನ್ನು ಒಳಗೆ ಬಿಟ್ಟಳು. ಇನ್ನೊಬ್ಬಳು ಬಾಗಿಲವರೆಗೂ ಬಂದು, ನನಗೆ ಗೊತ್ತಿರುವುದೇ ಸಾಕು ಎಂದು ಹಿಂದಿರುಗಿದಳು. ಮೂರನೆಯ ದಿನ ಡೇವಿ ಪ್ರಾಸರ್ ಊರುಗೋಲು ಹಿಡಿದು ಏರಿ ಬಂದ. ಸುಳ್ಳುಗಾರನೆಂದು ಅವನಿಗೆ ಮತ್ತೆಲ್ಲೂ ಕೆಲಸ ಸಿಕ್ಕಿರಲಿಲ್ಲ. ನಿಂತೇ ಕೇಳಿಸಿಕೊಂಡ, ಟೋಪಿ ಹಾಕಿಕೊಂಡ, ಇಳಿದು ಹೋದ.

ಆ ವಾರದಲ್ಲೇ ಲಿಲ್ಲೋ ಸತ್ತ. ಪೆಟ್ಟಿಗೆ ಹೊರಲು ಊರಿನ ಗಂಡಸರು ಯಾರೂ ಬರಲಿಲ್ಲ, ಕೂಲಿಯವರು ಹೊತ್ತರು. ಪಾದ್ರಿ ಇದ್ದರು, ತಾನಾ ಇದ್ದಳು. ಹೆಸರಿಲ್ಲದ ಒಂದು ದೊಡ್ಡ ಹೂಮಾಲೆ ಬಂದಿತ್ತು. ನೂಂಜಿಯೊನದೇ ಇರಬೇಕೆಂದು ತಾನಾ ಅದನ್ನು ಸ್ಮಶಾನದ ಗೇಟಿನ ಹೊರಗೇ ಬಿಟ್ಟಳು. ಮಣ್ಣು ಮುಚ್ಚುವಾಗ ಅವಳಿಗೆ ಅಳು ಬಂತು. ತಡೆಯಲಿಲ್ಲ.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಹೆಂಗಸರು ತುಂಬಿದ್ದರು. ಗಣಿಯ ಬಾಯಿ ತೆರೆದು ಎಲುಬಾದರೂ ತೆಗೆದುಕೊಡಿ ಎಂದು ಸರ್ಕಾರಕ್ಕೆ ಅರ್ಜಿ ಬರೆಯುತ್ತಿದ್ದರು. ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದ ಮಿಮ್ಮಾಳ ಕೈಯಲ್ಲಿ ಪೆನ್ನಿತ್ತು. ತಾನಾ ಕಪ್ಪು ಬಟ್ಟೆಯಲ್ಲೇ ಒಲೆಯ ಮೇಲೆ ಕಾಫಿಗೆ ನೀರಿಟ್ಟಳು. ಬ್ರೋನ್ಯಾ ಬೆಂಚಿನ ಮೇಲೆ ಸ್ವಲ್ಪ ಸರಿದು, "ಕೂತ್ಕೊಳ್ಳಿ" ಎಂದಳು.

ಬೇಸಿಗೆಯಲ್ಲಿ ಎಂಜಿನಿಯರುಗಳು ಬಂದು ಅಳತೆ ಮಾಡಿ ಹೋದರು. ಒಳಗೆ ಬೆಂಕಿ ಇನ್ನೂ ಇದೆ, ನೆಲ ನಂಬುವಂತಿಲ್ಲ, ತೆರೆಯಲಾಗದು ಎಂದು ಉತ್ತರ ಬಂತು. ಹೆಂಗಸರು ಮತ್ತೆ ಬರೆದರು.